ಎಂಟು ಜೋಡಿ ಹಕ್ಕಿಗಳ ಊರು



ಊರು ಮತ್ತು ಪರಿಸರವನ್ನು ಕುರಿತು ವರ್ಷಕ್ಕೊಂದು ಮಾತು ನಡೆಯಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಇವತ್ತು ನಾನು ಆರಿಸಿಕೊಂಡ ಊರು ನಮ್ಮ ಸೀಮೆಯದಲ್ಲ. ಇಂಗ್ಲೆಂಡಿನ ದಕ್ಷಿಣದಲ್ಲಿ, ಹ್ಯಾಂಪ್‌ಶೈರ್ ಕೌಂಟಿಯಲ್ಲಿ, ಗುಡ್ಡವೊಂದರ ಬುಡಕ್ಕೆ ಆತುಕೊಂಡಿರುವ ಸೆಲ್‌ಬೋರ್ನ್ ಎಂಬ ಹಳ್ಳಿ. ಒಂದೇ ಬೀದಿಯ ಊರು. ರಾಜ ಮಹಾರಾಜರು ಆಳಿದ ಊರಲ್ಲ. ಆದರೆ ಇಷ್ಟು ಕೂಲಂಕಷವಾಗಿ ಲೆಕ್ಕ ಬರೆಸಿಕೊಂಡ ಹಳ್ಳಿ ಇನ್ನೊಂದು ಇದೆಯೆಂದು ನನಗೆ ತಿಳಿಯದು. ಲೆಕ್ಕ ಅಂದರೆ ಶಾನುಭೋಗರ ಕಡತದ ಲೆಕ್ಕವಲ್ಲ. ಯಾವ ಹಕ್ಕಿ ಯಾವ ದಿನ ಬಂತು, ಬಾವಿಯ ಆಳ ಎಷ್ಟು, ಜೊಂಡಿನ ಬತ್ತಿ ಎಷ್ಟು ನಿಮಿಷ ಉರಿಯಿತು, ಇಲಿಯ ತೂಕ ಎಷ್ಟು, ಈ ಬಗೆಯ ಲೆಕ್ಕ.

ಬರೆದವರು ಗಿಲ್ಬರ್ಟ್ ವೈಟ್. 1720ರ ಜುಲೈ 18ರಂದು ಆ ಊರಿನ ಪಾದ್ರಿಮನೆಯಲ್ಲೇ ಹುಟ್ಟಿದರು. ಅವರ ತಾತ ಅಲ್ಲಿಯ ಪಾದ್ರಿ. ಆಕ್ಸ್‌ಫರ್ಡಿನ ಓರಿಯಲ್ ಕಾಲೇಜಿನಲ್ಲಿ ಓದಿದರು, ಅಲ್ಲಿಯೇ ಫೆಲೋ ಆದರು, ಆಮೇಲೆ ಊರಿಗೆ ಮರಳಿದರು. ಸೆಲ್‌ಬೋರ್ನ್ ಚರ್ಚಿಗೆ ಪಾದ್ರಿಯನ್ನು ನೇಮಿಸುವ ಹಕ್ಕು ಮ್ಯಾಗ್ಡಲೆನ್ ಎಂಬ ಬೇರೆ ಕಾಲೇಜಿಗಿತ್ತು. ಹಾಗಾಗಿ ಹುಟ್ಟಿದ ಊರಿನಲ್ಲಿ ಅವರು ಕೊನೆಯವರೆಗೂ ಸಹಾಯಕ ಪಾದ್ರಿಯಾಗಿಯೇ ಉಳಿದರು. ಮದುವೆಯಾಗಲಿಲ್ಲ. ‘ದಿ ವೇಕ್ಸ್’ ಎಂಬ ಮನೆಯಲ್ಲಿ ಬಾಳಿದರು, 1793ರ ಜೂನ್ 26ರಂದು ಅಲ್ಲಿಯೇ ತೀರಿಕೊಂಡರು. ಥಾಮಸ್ ಪೆನೆಂಟ್ ಎಂಬ ಪ್ರಾಣಿಶಾಸ್ತ್ರಜ್ಞರಿಗೂ ಡೇನ್ಸ್ ಬ್ಯಾರಿಂಗ್ಟನ್ ಎಂಬ ನ್ಯಾಯಾಧೀಶರಿಗೂ ಅವರು ಬರೆದ ಪತ್ರಗಳೇ ಪುಸ್ತಕವಾದವು. 1789ರ ಇಸವಿ ಹೊತ್ತ ಆ ಪುಸ್ತಕವನ್ನು ಪ್ರಕಟಿಸಿದ್ದು ಲಂಡನ್ನಿನಲ್ಲಿ ಪುಸ್ತಕ ವ್ಯಾಪಾರಿಯಾಗಿದ್ದ ಅವರ ತಮ್ಮ ಬೆಂಜಮಿನ್. ಅಂದಿನಿಂದ ಇಂದಿನವರೆಗೂ ಅದು ಅಂಗಡಿಯಲ್ಲಿ ಸಿಗುತ್ತಲೇ ಇದೆ.

ಕೆಲವು ವರ್ಷಗಳ ಹಿಂದೆ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ, ಜೂನ್ ಕೊನೆಯಲ್ಲಿ, ವಾಟರ್ಲೂ ನಿಲ್ದಾಣದಲ್ಲಿ ರೈಲು ಹತ್ತಿ ಆಲ್ಟನ್ನಿನಲ್ಲಿ ಇಳಿದು ಆ ಊರಿಗೆ ಹೋದೆ. ಮೂವತ್ತು ವರ್ಷ ಪುಸ್ತಕದಲ್ಲಿ ನಡೆದಾಡಿದ ಬೀದಿ. ಕಾಲಿಟ್ಟಾಗ ಎದೆ ಹೊಡೆದುಕೊಂಡಿತು.

ಮೊದಲು ನೆಲದ ಮಾತು ಆಡಬೇಕು, ಯಾಕೆಂದರೆ ಅಲ್ಲಿಯ ಉಳಿದೆಲ್ಲವೂ ನೆಲದಿಂದಲೇ ಹುಟ್ಟಿದ್ದು. ಊರಿನ ನೈಋತ್ಯಕ್ಕೆ ಸೀಮೆಸುಣ್ಣದಂಥ ಬಿಳಿಗಲ್ಲಿನ ಗುಡ್ಡ, ಬೀದಿಯಿಂದ ಸುಮಾರು 300 ಅಡಿ ಎತ್ತರ. ಅದರ ಇಳಿಜಾರಿಗೆ ತೂಗುಬಿದ್ದಂತೆ ಒಂದು ಬೀಚ್ ಮರದ ಕಾಡು. ಅದಕ್ಕೆ ಅವರ ಹಳೆಯ ಮಾತಿನಲ್ಲಿ ‘ಹ್ಯಾಂಗರ್’ ಎನ್ನುತ್ತಾರೆ. ನುಣುಪಾದ ಬೂದು ತೊಗಟೆಯ ಮರಗಳು, ಕೆಳಗೆ ಪೊದೆಯಿಲ್ಲದ ಬರಿನೆಲ, ಮೇಲೆ ಎಲೆಗಳ ಮೂಲಕ ಸೋಸಿ ಬರುವ ಹಸುರು ಬೆಳಕು. ಗುಡ್ಡ ಮಳೆಯ ನೀರನ್ನು ಹೀರಿಕೊಂಡು ಬುಡದಲ್ಲಿ ಒರತೆಯಾಗಿ ಬಿಟ್ಟುಕೊಡುತ್ತದೆ. ವೆಲ್‌ಹೆಡ್ ಎಂಬ ಆ ಒರತೆ ಬರಗಾಲದಲ್ಲೂ ಬತ್ತಿದ್ದಿಲ್ಲ ಎಂದು ವೈಟ್ ಬರೆಯುತ್ತಾರೆ. ಪಕ್ಕದ ನೋರ್ ಗುಡ್ಡದಿಂದ ಎರಡು ತೊರೆಗಳು ಹೊರಟು ಎರಡು ಸಮುದ್ರ ಸೇರುತ್ತವೆ. ಒಂದು ಅರುಣ್ ನದಿಯ ಮೂಲಕ ದಕ್ಷಿಣದ ಕಡಲಿಗೆ, ಇನ್ನೊಂದು ವೇ ನದಿಗೆ, ಅಲ್ಲಿಂದ ಥೇಮ್ಸ್‌ಗೆ, ಅಲ್ಲಿಂದ ಪೂರ್ವದ ಕಡಲಿಗೆ.

ಇನ್ನು ಊರಿನ ಬೀದಿ. ಅದರ ಒಂದು ಮಗ್ಗುಲಿಗೆ ಜಿಗುಟಾದ ಜೇಡಿಮಣ್ಣು. ವರ್ಷಗಟ್ಟಲೆ ದುಡಿದರೂ ಸುಲಭವಾಗಿ ಹದಕ್ಕೆ ಬರದು. ಎದುರು ಮಗ್ಗುಲಿಗೆ ಬೆಚ್ಚಗಿನ ಕಪ್ಪು ಪುಡಿಮಣ್ಣು. ನಡುವೆ ಒಂದು ಗಾಡಿದಾರಿ, ಅಷ್ಟೆ. ಬೀದಿ ದಾಟಿದರೆ ಬೇಸಾಯವೇ ಬೇರೆ. ವೈಟ್ ಅವರ ಮನೆ ಇದ್ದದ್ದು ಒರಟು ಮಣ್ಣಿನ ಕಡೆಗೆ. 1751ರಿಂದ ಅವರು ಇಟ್ಟ ತೋಟದ ದಿನಚರಿ ತುಂಬ ಗೊಬ್ಬರದ ಗಾಡಿಗಳೇ ಬರುತ್ತವೆ. ಎಷ್ಟು ಗಾಡಿ ಸಗಣಿಗೊಬ್ಬರ ಸುರಿದೆ, ಕರಬೂಜದ ಪಾತಿಯ ಕಾವು ಹೇಗಿದೆ, ಎಷ್ಟು ಕಾಯಿ ಕಚ್ಚಿತು. ಪ್ರಕೃತಿಯನ್ನು ಬರೆದವರಲ್ಲಿ ಹಲವರು ನೋಡಿ ಬರೆದವರು. ಇವರು ಕೈ ಮಣ್ಣು ಮಾಡಿಕೊಂಡು ಬರೆದವರು. ಆ ವ್ಯತ್ಯಾಸ ಪುಟಪುಟದಲ್ಲೂ ಕಾಣುತ್ತದೆ.

ಊರಿನಿಂದ ಹೊರಡುವ ಹಳೆಯ ದಾರಿಗಳನ್ನು ನೋಡಿದರೆ ದಾರಿ ಅನ್ನಿಸುವುದಿಲ್ಲ, ಹಳ್ಳದ ಪಾತ್ರ ಅನ್ನಿಸುತ್ತದೆ. ನೂರಾರು ವರ್ಷ ಗಾಡಿಯ ಗಾಲಿ ಉಜ್ಜಿ, ಮಳೆನೀರು ಕೊರೆದು, ಹೊಲದ ಮಟ್ಟದಿಂದ 16, 18 ಅಡಿ ಕೆಳಗೆ ಇಳಿದುಹೋದ ದಾರಿಗಳು. ಎರಡೂ ಬದಿ ಬಂಡೆಗೋಡೆ, ಗೋಡೆಯಿಂದ ಹೊರಬಂದು ಜೋತುಬಿದ್ದ ಬೇರುಗಳು, ಸಂದಿಯಲ್ಲಿ ಜರಿಗಿಡ. ಅಂಥ ಒಂದು ದಾರಿಯಲ್ಲಿ ನಡುಹಗಲಿನಲ್ಲಿ ನಿಂತಿದ್ದೆ. ತಲೆಯ ಮೇಲಿನ ಹೊಲದಲ್ಲಿ ಟ್ರ್ಯಾಕ್ಟರ್ ಓಡುವುದು ಕೇಳಿಸುತ್ತಿತ್ತು, ಕಾಣಿಸುತ್ತಿರಲಿಲ್ಲ.

ಪೂರ್ವಕ್ಕೆ ಹೋದರೆ ವುಲ್ಮರ್ ಫಾರೆಸ್ಟ್. ಹೆಸರು ಕಾಡಿನದಾದರೂ ವೈಟ್ ಕಾಲಕ್ಕೆ ಅಲ್ಲಿ ನಿಂತ ಮರ ಒಂದೂ ಇರಲಿಲ್ಲ. ಮರಳುನೆಲ, ಹೀದರ್ ಪೊದೆ, ಜೌಗು, ಕೆರೆಗಳು. ಬೇಸಗೆಯಲ್ಲಿ ದನಗಳು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕೆರೆಯಲ್ಲಿ ಹೊಟ್ಟೆಮಟ್ಟ ನಿಂತಿರುತ್ತಿದ್ದವು. ಅವು ಹಾಕಿದ ಸಗಣಿಯಲ್ಲಿ ಹುಳ ಹುಟ್ಟುತ್ತವೆ, ಹುಳಕ್ಕೆ ಮೀನು ಬರುತ್ತವೆ. ದನದ ತಂಪು ಮೀನಿನ ಊಟವಾಯಿತು. ಇಕಾಲಜಿ ಎಂಬ ಶಬ್ದ ಹುಟ್ಟಲು ಇನ್ನೂ ನೂರು ವರ್ಷ ಇದ್ದ ಕಾಲದಲ್ಲಿ, ಕೆರೆಯ ದಡದಲ್ಲಿ ನಿಂತು, ಒಬ್ಬ ಹಳ್ಳಿಯ ಪಾದ್ರಿ ಇದನ್ನು ಕಂಡುಕೊಂಡರು.

ಈಗ ಲೆಕ್ಕದ ಮಾತಿಗೆ ಬರುತ್ತೇನೆ.

ಸ್ವಿಫ್ಟ್ ಎಂಬ ಹಕ್ಕಿಯನ್ನು ನೀವು ಬಲ್ಲಿರಿ. ನಮ್ಮ ಹಳೆಯ ಕೋಟೆ, ಗೋಪುರಗಳ ಸುತ್ತ ಕಿರುಚುತ್ತಾ ಸುತ್ತುವ ಬಾನಾಡಿಗಳ ಬಳಗದ್ದು. ಕುಡುಗೋಲಿನಂಥ ರೆಕ್ಕೆ. ಸೆಲ್‌ಬೋರ್ನಿಗೆ ಮೇ ಹೊತ್ತಿಗೆ ಬಂದು ಆಗಸ್ಟ್ ನಡುವಿಗೆ ಹೊರಟುಬಿಡುತ್ತದೆ. ವರ್ಷಗಟ್ಟಲೆ ಎಣಿಸಿದ ವೈಟ್ ಒಂದು ಸಂಗತಿ ಕಂಡರು. ಪ್ರತಿವರ್ಷ ಊರಿನಲ್ಲಿ ಎಂಟು ಜೋಡಿ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅರ್ಧ ಚರ್ಚಿನ ಗೋಪುರದಲ್ಲಿ, ಇನ್ನರ್ಧ ಊರಿನ ಅತಿ ಬಡವರ ಹುಲ್ಲುಮಾಡಿನ ಗುಡಿಸಲುಗಳಲ್ಲಿ. ಇಷ್ಟನ್ನು ಬೇರೆ ಯಾರಾದರೂ ಬರೆದು ಸುಮ್ಮನಾಗಬಹುದಿತ್ತು. ಅವರು ಮುಂದೆ ಕೇಳಿದರು: ಎಂಟು ಜೋಡಿ ಪ್ರತಿವರ್ಷ ಇನ್ನೆಂಟು ಜೋಡಿ ಮರಿ ಮಾಡುತ್ತವೆಯಲ್ಲ, ಆ ಹೆಚ್ಚಳ ಎಲ್ಲಿಗೆ ಹೋಗುತ್ತದೆ? ಜನಸಂಖ್ಯೆಯನ್ನು ಕುರಿತು ಮಾಲ್ಥಸ್ ತನ್ನ ಪ್ರಬಂಧ ಬರೆಯಲು ಇನ್ನೂ ಇಪ್ಪತ್ತು ವರ್ಷ ಇತ್ತು. ಡಾರ್ವಿನ್ ಹುಟ್ಟಿರಲಿಲ್ಲ. ಹುಡುಗನಾಗಿದ್ದಾಗ ವೈಟ್ ಪುಸ್ತಕ ಓದಿ ಹಕ್ಕಿಗಳ ನಡೆ ನೋಡುವ ಹುಚ್ಚು ಹಿಡಿಯಿತೆಂದು ಡಾರ್ವಿನ್ ಮುಂದೆ ಆತ್ಮಕಥೆಯಲ್ಲಿ ನೆನೆದರು. ಒಂದು ಚರ್ಚಿನ ಗೋಪುರದ ಕೆಳಗೆ ನಿಂತು, ಬೆರಳು ಮಡಿಸಿ ಎಣಿಸಿ, ಉತ್ತರ ಸಿಗದೆ ಕೇಳಿದ ಆ ಪ್ರಶ್ನೆಯನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಅವರ ಕಿವಿಯೂ ಅಷ್ಟೇ ಚುರುಕು. ಎಲೆಯ ನಡುವೆ ಎಲೆಯಂತೆಯೇ ಕಾಣುವ ಹಸುರು ಮಿಶ್ರಿತ ಪುಟ್ಟ ಹಕ್ಕಿಗಳನ್ನು ಆ ಕಾಲದವರು ಒಂದೇ ಹೆಸರಿನಲ್ಲಿ ಕರೆಯುತ್ತಿದ್ದರು. ಕೂಗು ಬೇರೆ, ಕಾಲಿನ ಬಣ್ಣ ಬೇರೆ, ಇವು ಮೂರು ಜಾತಿ ಎಂದು 1768ರಲ್ಲಿ ವೈಟ್ ಬಿಡಿಸಿಟ್ಟರು. ನೆರೆಯವರೊಬ್ಬರು ಊರಿನ ಗೂಬೆಗಳು ಯಾವ ಶ್ರುತಿಯಲ್ಲಿ ಕೂಗುತ್ತವೆ ಎಂದು ಪರೀಕ್ಷಿಸಿದ್ದನ್ನೂ, ಗೂಬೆಗೂಬೆಗೆ ಶ್ರುತಿ ಬದಲಾಗುತ್ತದೆಂದು ತಿಳಿದದ್ದನ್ನೂ ಅವರು ದಾಖಲಿಸಿದ್ದಾರೆ. ಇನ್ನು ನತ್ತಿಂಗ ಎಂಬ ಹಕ್ಕಿ. ದೂರದ ಪೋರ್ಟ್ಸ್‌ಮತ್‌ನಲ್ಲಿ ಸಂಜೆ ತೋಪು ಹಾರುವ ಹೊತ್ತಿಗೆ ಸರಿಯಾಗಿ ಅದು ಗರಗರ ಸದ್ದು ಶುರು ಮಾಡುತ್ತಿತ್ತಂತೆ. ಒಂದು ಸಂಜೆ ಗುಡ್ಡದ ಹುಲ್ಲಿನ ಕುಟೀರದಲ್ಲಿ ಗೆಳೆಯರೊಡನೆ ಕುಳಿತಿದ್ದಾಗ ಹಕ್ಕಿ ಅದರ ಮಾಡಿನ ಮೇಲೆಯೇ ಬಂದು ಕೂತು ಹಾಡಿತು. ಅಷ್ಟು ಸಣ್ಣ ಗಂಟಲಿನ ಸದ್ದಿಗೆ ಇಡೀ ಕುಟೀರ ನಡುಗಿತು.

ಇನ್ನು ಇಲಿ. ಗೋಧಿ ಹೊಲದಲ್ಲಿ, ತೆನೆಯ ದಂಟುಗಳ ನಡುವೆ ಗೂಡು ಕಟ್ಟುವ ಒಂದು ಇಲಿ ಯಾವ ಪುಸ್ತಕದಲ್ಲೂ ಇಲ್ಲ ಎಂಬುದು ಅವರ ಗಮನಕ್ಕೆ ಬಂತು. ಹಾರ್ವೆಸ್ಟ್ ಮೌಸ್ ಎಂದು ಈಗ ಕರೆಯುತ್ತಾರೆ. ಸುಗ್ಗಿ ಇಲಿ ಎನ್ನೋಣ. ಯಾರೋ ಅದರ ಗೂಡು ತಂದುಕೊಟ್ಟರು. ಗೋಧಿಯ ಎಲೆಯಿಂದ ಹೆಣೆದದ್ದು, ಕ್ರಿಕೆಟ್ ಚೆಂಡಿನಷ್ಟು ಗುಂಡಗೆ. ಬಾಗಿಲು ಎಲ್ಲಿದೆಯೆಂದು ಹುಡುಕಿದರೂ ಕಾಣದು. ಮೇಜಿನ ಈ ಕೊನೆಯಿಂದ ಆ ಕೊನೆಗೆ ಉರುಳಿಸಿದರೂ ಅಲುಗಾಡದಷ್ಟು ಬಿಗಿ. ಒಳಗೆ ಇನ್ನೂ ಕಣ್ಣು ಬಿಡದ, ಮೈಮೇಲೆ ಕೂದಲಿಲ್ಲದ ಎಂಟು ಮರಿ. ಇಷ್ಟು ತುಂಬಿದ ಗೂಡಿನಲ್ಲಿ ತಾಯಿ ಪ್ರತಿ ಮರಿಗೂ ಮೊಲೆ ಕೊಡುವುದು ಹೇಗೆ ಎಂದು ಅವರು ಯೋಚನೆಗೆ ಬೀಳುತ್ತಾರೆ. ಆಮೇಲೆ ಬೆಳೆದ ಎರಡು ಇಲಿಗಳನ್ನು ತಕ್ಕಡಿಯಲ್ಲಿಟ್ಟರು. ಎರಡೂ ಸೇರಿ ತಾಮ್ರದ ಒಂದು ಅರ್ಧ ಪೆನ್ನಿಯ ತೂಕ ತೂಗಿದವು. ನಮ್ಮ ಲೆಕ್ಕದಲ್ಲಿ ಒಂದೊಂದು ಐದು ಗ್ರಾಂ ಕೂಡ ಇಲ್ಲ.

ಮನಸ್ಸಿನಿಂದ ಮಾಯವಾಗದ ಇನ್ನೊಂದು ಚಿತ್ರವಿದೆ. ಲೋಸೆಲ್ಸ್ ಎಂಬ ಸಣ್ಣ ತೋಪಿನಲ್ಲಿ ನೆಟ್ಟಗೆ, ಎತ್ತರಕ್ಕೆ ಬೆಳೆದ ಓಕ್ ಮರಗಳಿದ್ದವು. ಒಂದರ ತುದಿಯಲ್ಲಿ ವರ್ಷಾನುವರ್ಷ ರೇವನ್ ಜೋಡಿ ಗೂಡು ಕಟ್ಟುತ್ತಿತ್ತು. ರೇವನ್ ಅಂದರೆ ಕಾಗೆಯ ಕುಲದಲ್ಲೇ ದೊಡ್ಡದು. ಊರಿನ ಹುಡುಗರು ತಲೆಮಾರುಗಳಿಂದ ಆ ಗೂಡಿನ ಮೇಲೆ ಕಣ್ಣಿಟ್ಟವರು. ನಡುವೆ ಕಾಂಡ ದಪ್ಪಗೆ ಉಬ್ಬಿಕೊಂಡಿದ್ದರಿಂದ ಯಾರಿಗೂ ಹತ್ತಲಾಗಲಿಲ್ಲ. ಹ್ಯಾಂಪ್ಟನ್ ಕೋರ್ಟ್ ಬಳಿ ಥೇಮ್ಸ್ ಮೇಲಿನ ಸೇತುವೆಯ ದುರಸ್ತಿಗೆ ಮರ ಬೇಕಾಯಿತು. ಇಪ್ಪತ್ತು ಮರ ಮಾರಾಟವಾದವು. ತೋಪು ಕಡಿಯುವ ದಿನ ಬಂದದ್ದು ಫೆಬ್ರವರಿಯಲ್ಲಿ, ಹಕ್ಕಿ ಕಾವಿಗೆ ಕೂತ ತಿಂಗಳಲ್ಲಿ. ಬುಡಕ್ಕೆ ಗರಗಸ ಹಾಕಿದರು. ಸೀಳಿಗೆ ಬೆಣೆ ಇಟ್ಟು ಕೊಡತಿಯಿಂದ ಬಡಿದರು. ಮರ ತೂಗಾಡಿತು. ಹಕ್ಕಿ ಏಳಲಿಲ್ಲ. ಮರ ಉರುಳಿತು, ಗೂಡಿನಿಂದ ಎಸೆಯಲ್ಪಟ್ಟ ತಾಯಿ ರೆಂಬೆಗಳ ಏಟು ತಿಂದು ಸತ್ತು ನೆಲಕ್ಕೆ ಬಿತ್ತು. ವೈಟ್ ಇಲ್ಲಿ ಕಣ್ಣೀರಿನ ಮಾತು ಬೆಳೆಸುವುದಿಲ್ಲ. ಗರಗಸ, ಬೆಣೆ, ಕೊಡತಿ, ಫೆಬ್ರವರಿ, ಇಷ್ಟನ್ನೇ ಸಾಲಾಗಿ ಇಡುತ್ತಾರೆ. ಬರವಣಿಗೆ ಕಲಿಯುವ ಮಕ್ಕಳಿಗೆ ನಾನು ಹೇಳಿಕೊಡಬೇಕೆಂದು ಬಯಸುವ ಪುಟ ಅದು.

ಅವರು ತಪ್ಪಿದ ಜಾಗವನ್ನೂ ಹೇಳಬೇಕು, ಏಕೆಂದರೆ ಅಲ್ಲಿಯೇ ಅವರ ಪ್ರಾಮಾಣಿಕತೆ ಎದ್ದು ಕಾಣುತ್ತದೆ. ಸ್ವಾಲೋ, ಮಾರ್ಟಿನ್ ಮುಂತಾದ ಕವಲುಬಾಲದ ಹಕ್ಕಿಗಳು ಚಳಿಗಾಲದಲ್ಲಿ ಎಲ್ಲಿಗೆ ಹೋಗುತ್ತವೆ? ದೂರದೇಶಕ್ಕೆ ಹೋಗುತ್ತವೆ ಎಂದು ಕೆಲವರು, ಬಿಲದಲ್ಲೋ ಪೊಟರೆಯಲ್ಲೋ ನಿದ್ದೆ ಹೋಗುತ್ತವೆ ಎಂದು ಕೆಲವರು ವಾದಿಸುತ್ತಿದ್ದ ಕಾಲ. ಜಿಬ್ರಾಲ್ಟರಿನಲ್ಲಿ ಸೇನೆಯ ಪಾದ್ರಿಯಾಗಿದ್ದ ತಮ್ಮ ಜಾನ್, ಹಕ್ಕಿಗಳು ಜಲಸಂಧಿ ದಾಟುವುದನ್ನು ಕಣ್ಣಾರೆ ಕಂಡು ಬರೆದಿದ್ದರು. ಆದರೂ ವೈಟ್ ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಶರತ್ಕಾಲದ ಕೊನೆಯಲ್ಲಿ, ಎಲ್ಲ ಹೋದ ಮೇಲೆ, ಬಿಸಿಲು ಬಿದ್ದ ದಿನ ಒಂದೆರಡು ಹಕ್ಕಿ ಎಲ್ಲಿಂದಲೋ ಕಾಣಿಸಿಕೊಳ್ಳುತ್ತಿದ್ದುದು ಅವರನ್ನು ಕಾಡುತ್ತಿತ್ತು. 1781ರ ವಸಂತದಲ್ಲಿ ಕೂಲಿ ಕೊಟ್ಟು ಆಳುಗಳಿಂದ ಗುಡ್ಡದ ಪೊದೆ, ಬೇರು, ಸಂದುಗೊಂದುಗಳನ್ನು ಹುಡುಕಿಸಿದರು. ನಿದ್ದೆಹೋದ ಹಕ್ಕಿ ಒಂದೂ ಸಿಗಲಿಲ್ಲ. ಸಿಗಲಿಲ್ಲ ಎಂದೇ ಬರೆದರು. ಇಂಗ್ಲೆಂಡಿನ ಸ್ವಾಲೋಗಳು ಆಫ್ರಿಕಾದ ದಕ್ಷಿಣದ ತುದಿಯವರೆಗೆ ಹೋಗುತ್ತವೆ ಎಂದು ಈಗ ನಮಗೆ ಗೊತ್ತು. ನವೆಂಬರಿನಲ್ಲಿ ನಮ್ಮ ಗದ್ದೆಗಳ ಮೇಲಿನ ವಿದ್ಯುತ್ ತಂತಿಯಲ್ಲಿ ಸಾಲುಗಟ್ಟಿ ಕೂರುವ ಅಂಬರಗುಬ್ಬಿಯೂ ಅದೇ ಜಾತಿ. ಆದರೆ ನಮ್ಮಲ್ಲಿಗೆ ಬರುವವು ಏಷ್ಯಾದ ಉತ್ತರದಿಂದ. ಸೆಲ್‌ಬೋರ್ನಿನ ಹಕ್ಕಿಗೂ ಅವಕ್ಕೂ ದಾರಿ ಬೇರೆ.

ಈ ಬಗೆಯ ನೋಟದ ಅಭ್ಯಾಸ ನಮ್ಮ ನೆಲದವರೆಗೂ ಬಂತು. 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕಿನ್, ‘ಈಹಾ’ ಎಂಬ ಹೆಸರಿನಲ್ಲಿ ಬರೆದವರು, ಸುಂಕ ಮತ್ತು ಉಪ್ಪಿನ ಇಲಾಖೆಯ ನೌಕರಿಯಲ್ಲಿ ನಮ್ಮ ಉತ್ತರ ಕನ್ನಡದಲ್ಲಿದ್ದರು. ಬಂಗಲೆಯ ಜಗಲಿಯ ಹಲ್ಲಿ, ಇರುವೆ, ಕಪ್ಪೆಗಳನ್ನೇ ಅವರು ಬರೆದದ್ದು. ಆ ಪುಟಗಳನ್ನು ಓದುವಾಗ ಸೆಲ್‌ಬೋರ್ನಿನ ಪಾದ್ರಿ ಪಕ್ಕದಲ್ಲೇ ಕೂತಂತೆ ನನಗೆ ಅನ್ನಿಸುತ್ತದೆ.

ಆಮೆಯ ಕಥೆ ನಿಮ್ಮಲ್ಲಿ ಹಲವರು ಕೇಳಿರಬಹುದು, ಬೇಗ ಹೇಳಿಬಿಡುತ್ತೇನೆ. ಟಿಮೊಥಿ ಎಂಬ ಆ ಆಮೆ ಸಸೆಕ್ಸಿನ ರಿಂಗ್‌ಮರ್‌ನಲ್ಲಿದ್ದ ಅವರ ಸೋದರತ್ತೆಯದು. ಅತ್ತೆ ತೀರಿಕೊಂಡ ಮೇಲೆ, 1780ರ ಮಾರ್ಚಿನಲ್ಲಿ, ಮಣ್ಣಿನೊಳಗೆ ನಿದ್ದೆಯಲ್ಲಿದ್ದ ಅದನ್ನು ಅಗೆದು ತೆಗೆದು 80 ಮೈಲಿ ಕುದುರೆಗಾಡಿಯಲ್ಲಿ ತಂದರು. ಮಳೆ ಬರುವ ಮುನ್ಸೂಚನೆಗೆ ಅದು ಹೆದರುವುದು, ತನಗೆ ಅನ್ನ ಹಾಕುವ ಕೈಯನ್ನು ಗುರುತಿಸುವುದು ಎಲ್ಲ ದಾಖಲಾಯಿತು. ಒಡೆಯ ಹೋದ ಮರುವರ್ಷ ಅದೂ ಹೋಯಿತು. ಚಿಪ್ಪು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. ಗಂಡು ಹೆಸರಿನ ಆ ಆಮೆ ಹೆಣ್ಣೆಂದು ಆಮೇಲೆ ತಿಳಿಯಿತು.

ಊರಿನ ಜನ? 1783ರ ಅಕ್ಟೋಬರಿನಲ್ಲಿ ವೈಟ್ ಎಣಿಸಿದಂತೆ ಬೀದಿಯಲ್ಲಿ 313, ಸುತ್ತಲ ತೋಟ ಹೊಲಗಳಲ್ಲಿ 363, ಒಟ್ಟು 676. ಬಡವರು ಬಹಳ. ಗಂಡಸರಿಗೆ ಹೊಲದ ಕೆಲಸ, ಮರ ಕಡಿಯುವ ಕೆಲಸ. ಹೆಂಗಸರು ವಸಂತದಲ್ಲಿ ಗೋಧಿಯ ಕಳೆ ಕೀಳುತ್ತಿದ್ದರು, ಸೆಪ್ಟೆಂಬರಿನಲ್ಲಿ ಬಿಯರಿಗೆ ಬೇಕಾದ ಹಾಪ್ ಬಿಡಿಸುತ್ತಿದ್ದರು. ಉಣ್ಣೆ ನೂಲುವ ಕಸುಬು ಆ ಹೊತ್ತಿಗೆ ಇಳಿಮುಖವಾಗಿತ್ತು. ಬಾವಿಗಳು ಸರಾಸರಿ 63 ಅಡಿ ಆಳ. ಅದೇ 1783ರ ಬೇಸಗೆಯಲ್ಲಿ, ಜೂನ್ 23ರಿಂದ ಜುಲೈ 20ರವರೆಗೆ, ಊರಿನ ಮೇಲೆ ಒಂದು ವಿಚಿತ್ರ ಮಬ್ಬು ಕವಿಯಿತು. ನಡುಹಗಲ ಸೂರ್ಯ ಮೋಡ ಮುಸುಕಿದ ಚಂದ್ರನಂತಾದ, ನೆಲದ ಮೇಲೆ ತುಕ್ಕುಬಣ್ಣದ ಬೆಳಕು ಬಿತ್ತು, ಕಡಿದ ಮಾಂಸ ಮರುದಿನಕ್ಕೆ ಕೆಟ್ಟಿತು, ಜನ ಹೆದರಿದರು. ಐಸ್‌ಲೆಂಡಿನ ಲಾಕಿಯಲ್ಲಿ ನೆಲ ಬಿರಿದು ಲಾವಾ ಉಕ್ಕಿದ ವರ್ಷ ಅದು.

ಜನರನ್ನು ಅವರು ಅತ್ಯಂತ ಹತ್ತಿರದಿಂದ ನೋಡಿದ್ದು 1775ರ ನವೆಂಬರಿನ ಒಂದು ಪತ್ರದಲ್ಲಿ. ಬಡವರ ಮನೆಯ ದೀಪದ ಬಗ್ಗೆ ಬರೆದ ಪತ್ರ. ತೊರೆಯ ದಡದ ಜೊಂಡನ್ನು ಬೇಸಗೆಯಲ್ಲಿ ಕೊಯ್ಯುತ್ತಾರೆ. ಕೊಯ್ದ ಕೂಡಲೇ ನೀರಿನಲ್ಲಿ ಮುಳುಗಿಸಬೇಕು, ಒಣಗಿದರೆ ಸಿಪ್ಪೆ ಬಿಡುವುದಿಲ್ಲ. ಉದ್ದಕ್ಕೂ ಸಿಪ್ಪೆ ಸುಲಿದು, ಒಂದೇ ಒಂದು ಸಣ್ಣ ಎಳೆಯನ್ನು ಮಾತ್ರ ಬಿಡಬೇಕು. ಒಳಗಿನ ಬಿಳಿಯ ತಿರುಳಿಗೆ ಅದೇ ಬೆನ್ನೆಲುಬು. ಮೊದಮೊದಲು ಇದು ಕೈಗೆ ಕೂರದು. ಎರಡೂ ಕಣ್ಣು ಕಾಣದ ಒಬ್ಬ ಮುದುಕಿ ಈ ಕೆಲಸವನ್ನು ಸರಸರನೆ, ತಪ್ಪುವುದೇ ಅಪರೂಪ ಎಂಬಂತೆ ಮಾಡುವುದನ್ನು ವೈಟ್ ನಿಂತು ನೋಡಿದ್ದಾರೆ. ಸುಲಿದ ಜೊಂಡನ್ನು ಹುಲ್ಲಿನ ಮೇಲೆ ಹರಡಿ ಕೆಲವು ರಾತ್ರಿ ಇಬ್ಬನಿಗೆ ಬಿಟ್ಟು, ಆಮೇಲೆ ಬಿಸಿಲಲ್ಲಿ ಒಣಗಿಸಿ, ಕಾದ ಕೊಬ್ಬಿನಲ್ಲಿ ಅದ್ದುತ್ತಾರೆ. ಹಂದಿಮಾಂಸ ಬೇಯಿಸಿದ ಪಾತ್ರೆಯ ಮೇಲೆ ತೇಲುವ ಜಿಡ್ಡನ್ನು ಜಾಣ ಗೃಹಿಣಿ ಇದಕ್ಕೆಂದೇ ತೆಗೆದಿಡುತ್ತಾಳೆ. ಸ್ವಲ್ಪ ಜೇನುಮೇಣ ಬೆರೆಸಿದರೆ ಬತ್ತಿ ಗಟ್ಟಿಯಾಗುತ್ತದೆ.

ಆಮೇಲೆ ಅವರು ಗಡಿಯಾರ ಹಿಡಿದು ಕೂತರು. 2 ಅಡಿ ನಾಲ್ಕೂವರೆ ಅಂಗುಲದ ಒಂದು ಬತ್ತಿ 57 ನಿಮಿಷ ಉರಿಯಿತು. ಒಂದು ಪೌಂಡ್ ಒಣ ಜೊಂಡನ್ನು ಎಣಿಸಿದರು. 1,600 ಕಡ್ಡಿ. ಒಂದು ಪೌಂಡ್ ಜೊಂಡಿಗೆ ಆರು ಪೌಂಡ್ ಕೊಬ್ಬು, ಎಲ್ಲ ಸೇರಿ ಮೂರು ಶಿಲ್ಲಿಂಗ್. ಕಡ್ಡಿಗೆ ಅರ್ಧ ಗಂಟೆ ಎಂದು ಹಿಡಿದರೂ 800 ಗಂಟೆ ಬೆಳಕು. ಅಂದರೆ ಪೆನ್ನಿಯ ಕಾಲುಭಾಗವಾದ ಒಂದು ಫಾರ್ದಿಂಗಿಗೆ ಐದೂವರೆ ಗಂಟೆ.

ಇಲ್ಲಿಯವರೆಗೆ ನನಗೆ ಅವರ ಕೈ ಹಿಡಿಯಬೇಕೆನಿಸುತ್ತದೆ. ಮುಂದಿನ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ತೀರ ಬಡವರು ಈ ಜಾಣತನ ತೋರದೆ ದಿನಾ ಸಂಜೆ ಅರ್ಧ ಪೆನ್ನಿ ಕೊಟ್ಟು ಒಂದು ಮೇಣದಬತ್ತಿ ಕೊಳ್ಳುತ್ತಾರೆ, ಗಾಳಿ ನುಗ್ಗುವ ಅವರ ಮನೆಯಲ್ಲಿ ಅದು ಎರಡು ಗಂಟೆಗೆ ಕರಗಿಹೋಗುತ್ತದೆ, ಹಣಕಾಸಿನ ಲೆಕ್ಕ ಬಾರದ್ದರಿಂದಲೇ ಅವರು ಬಡವರಾಗಿ ಉಳಿಯುತ್ತಾರೆ ಎನ್ನುತ್ತಾರೆ ವೈಟ್. ಮೂರು ಶಿಲ್ಲಿಂಗನ್ನು ಒಟ್ಟಿಗೆ ಕೈಯಲ್ಲಿ ಹಿಡಿದವರಿಗೆ ತಾನೆ 800 ಗಂಟೆಯ ಬೆಳಕು? ಮಾಂಸ ಬೇಯುವ ಪಾತ್ರೆ ಇದ್ದ ಮನೆಗೆ ತಾನೆ ಅದರ ಮೇಲಿನ ಜಿಡ್ಡು? ದಿನದ ಕೂಲಿ ದಿನಕ್ಕೆ ತಿಂದು ಮುಗಿಸುವವರು ಬೆಳಕನ್ನೂ ದಿನದ ಲೆಕ್ಕದಲ್ಲೇ ಕೊಳ್ಳುತ್ತಾರೆ. ಹಿಟ್ಟು, ಬೆಲ್ಲ, ಸೀಮೆಎಣ್ಣೆಯನ್ನು ಚಟಾಕಿನಲ್ಲಿ ಕೊಂಡು ಬದುಕಿದ ಮನೆಯಿಂದ ಬಂದವನಾಗಿ ಈ ಮಾತು ಹೇಳುತ್ತಿದ್ದೇನೆ. ಸ್ವಿಫ್ಟ್‌ಗಳ ಹೆಚ್ಚಳ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ ಆ ದೊಡ್ಡ ಮನಸ್ಸು, ಅದೇ ಹಕ್ಕಿ ಗೂಡು ಕಟ್ಟಿದ ಗುಡಿಸಲಿನಲ್ಲಿ ಕೂಲಿ ಎಷ್ಟು, ಊಟಕ್ಕೆ ಎಷ್ಟು ಹೋಗುತ್ತದೆ ಎಂದು ಕೇಳಲಿಲ್ಲ. ಅವರ ಪುಸ್ತಕದಲ್ಲಿ ನನಗೆ ಕಾಣೆಯಾದ ಪುಟ ಅದು.

ಅವರು ತೀರಿ 37 ವರ್ಷಕ್ಕೆ ಆ ಪುಟ ಬೀದಿಗೆ ಬಂತು. 1830ರಲ್ಲಿ ದಕ್ಷಿಣ ಇಂಗ್ಲೆಂಡಿನ ಕೃಷಿ ಕೂಲಿಗಳು ದಂಗೆ ಎದ್ದರು. ಒಕ್ಕುವ ಯಂತ್ರ ಚಳಿಗಾಲದ ಕೆಲಸ ಕಿತ್ತುಕೊಂಡಿತ್ತು, ಕೂಲಿ ಹೊಟ್ಟೆಗೆ ಸಾಲುತ್ತಿರಲಿಲ್ಲ. ನವೆಂಬರ್ 22ರಂದು ಸೆಲ್‌ಬೋರ್ನಿನ ಜನ ಗುಂಪುಗೂಡಿ ಪಾದ್ರಿಯ ಬಾಗಿಲಿಗೆ ಹೋದರು. ರೈತರಿಂದ ಎತ್ತುವ ದಶಮಾಂಶವನ್ನು ಇಳಿಸಿ, ಆಗ ಅವರು ನಮಗೆ ಕೂಲಿ ಕೊಟ್ಟಾರು ಎಂಬುದು ಬೇಡಿಕೆ. ನಿರ್ಗತಿಕರನ್ನು ಇಟ್ಟು ದುಡಿಸುತ್ತಿದ್ದ ವರ್ಕ್‌ಹೌಸನ್ನು ಕೆಡವಿದರು. ಮರುದಿನ ನೆರೆಯ ಹೆಡ್ಲಿಯಲ್ಲಿ ಅದೇ ನಡೆಯಿತು. ಕೆಲವರನ್ನು ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿದರು. ಜನರನ್ನು ಸೇರಿಸಲು ತುತ್ತೂರಿ ಊದಿದ ಜಾನ್ ನ್ಯೂಲ್ಯಾಂಡ್ ಮಣ್ಣಾದದ್ದು ಅದೇ ಊರಿನ ಚರ್ಚಿನ ಅಂಗಳದಲ್ಲಿ, ಯೂ ಮರದ ಹತ್ತಿರ. ವೈಟ್ ಅವರ ಸಮಾಧಿಯೂ ಅದೇ ಅಂಗಳದಲ್ಲಿದೆ. ಪುಟ್ಟ ಕಲ್ಲು, ಮೇಲೆ ಹೆಸರಿನ ಎರಡು ಮೊದಲಕ್ಷರ ಮತ್ತು ತಾರೀಖು.

ಈಗ ಆ ಊರು ಸೌತ್ ಡೌನ್ಸ್ ರಾಷ್ಟ್ರೀಯ ಉದ್ಯಾನದೊಳಗಿದೆ. ಹ್ಯಾಂಗರ್ ಮತ್ತು ಅದರ ಮೇಲಿನ ಗೋಮಾಳ ನ್ಯಾಷನಲ್ ಟ್ರಸ್ಟ್ ಕೈಯಲ್ಲಿವೆ. ವೇಕ್ಸ್ ಮನೆ 1955ರಿಂದ ಮ್ಯೂಸಿಯಂ. 1753ರಲ್ಲಿ ವೈಟ್ ಮತ್ತು ತಮ್ಮ ಜಾನ್ ಸೇರಿ ಗುಡ್ಡಕ್ಕೆ ಕಡಿಸಿದ ಅಂಕುಡೊಂಕು ಕಾಲುದಾರಿಯಲ್ಲಿ ನಾನೂ ಏದುಸಿರು ಬಿಡುತ್ತಾ ಹತ್ತಿದೆ. ಮಂಡಿನೋವಿನವರಿಗೂ ಆಗುವಂತೆ ತಿರುವುತಿರುವಾಗಿ ಹೋಗುತ್ತದೆ. ಆ ಉಪಕಾರಕ್ಕೆ ಮನಸ್ಸಿನಲ್ಲೇ ನಮಸ್ಕಾರ ಹೇಳಿದೆ. ಹೋದದ್ದೂ ಇದೆ. ಬಿಲದ ಬಾಯಲ್ಲಿ ಕೂತು ಹಾಡುವ ಹೊಲದ ಜೀರುಂಡೆಯನ್ನು, ಗುದ್ದಲಿ ಹಾಕಿದರೆ ಸಾಯುತ್ತದೆಂದು, ಹುಲ್ಲಿನ ಎಳೆಕಡ್ಡಿ ತೂರಿಸಿ ಮೆಲ್ಲಗೆ ಹೊರಗೆ ಕರೆಯುತ್ತಿದ್ದರು ವೈಟ್. ಆ ಜೀರುಂಡೆ 1980ರ ದಶಕದ ಹೊತ್ತಿಗೆ ಇಡೀ ಬ್ರಿಟನ್ನಿನಲ್ಲಿ ಒಂದೇ ಒಂದು ಜಾಗದಲ್ಲಿ ಉಳಿದಿತ್ತು. ಸ್ವಿಫ್ಟ್ 2021ರಲ್ಲಿ ಬ್ರಿಟನ್ನಿನ ಅಪಾಯದ ಕೆಂಪು ಪಟ್ಟಿ ಸೇರಿತು. ಸೂರಿನ ಸಂದು ಮುಚ್ಚಿದ ಹೊಸ ಮನೆಗಳಲ್ಲಿ ಅದಕ್ಕೆ ಜಾಗವಿಲ್ಲ.

ಆ ಊರಿನ ಗುಣ ಏನು ಎಂದು ಯಾರಾದರೂ ಕೇಳಿದರೆ ನಾನು ಎರಡು ಮರಗಳ ಕಥೆ ಹೇಳುತ್ತೇನೆ. ಚರ್ಚಿನ ಮುಂದೆ ಪ್ಲೆಸ್ಟರ್ ಎಂಬ ಬಯಲಿದೆ. ಅದರ ನಡುವೆ ಹಿಂದೆ ಕುಳ್ಳ ಕಾಂಡದ, ಬಯಲನ್ನೆಲ್ಲ ತುಂಬುವಷ್ಟು ರೆಂಬೆ ಚಾಚಿದ ಒಂದು ಓಕ್ ಇತ್ತು. ಬುಡದ ಸುತ್ತ ಕಲ್ಲಿನ ಮೆಟ್ಟಿಲು, ಮೇಲೆ ಕೂರಲು ಆಸನ. ಬೇಸಗೆಯ ಸಂಜೆ ಮುದುಕರು ಕೂತು ಊರಿನ ಮಾತಾಡುತ್ತಿದ್ದರು, ಎದುರಿಗೆ ಹರೆಯದವರು ಕುಣಿಯುತ್ತಿದ್ದರು. ಅಪ್ಪಟ ಅರಳಿಕಟ್ಟೆ. 1703ರ ಮಹಾ ಬಿರುಗಾಳಿಗೆ ಅದು ಬುಡಮೇಲಾಯಿತು. ಆಗಿನ ಪಾದ್ರಿ ಕೈಯಿಂದ ಹಣ ಹಾಕಿ ಮರವನ್ನು ಎತ್ತಿ ಅದೇ ಗುಂಡಿಯಲ್ಲಿ ನಿಲ್ಲಿಸಿದರು. ಚಿಗುರಿತು, ಆಮೇಲೆ ಒಣಗಿತು. ಎರಡನೆಯದು ಚರ್ಚಿನ ಅಂಗಳದ ಯೂ. ವೈಟ್ ಅಳೆದಾಗ ಅದರ ಸುತ್ತಳತೆ 23 ಅಡಿ. 1990ರ ಜನವರಿ 25ರ ಬಿರುಗಾಳಿಗೆ ಅದೂ ಬಿತ್ತು. ಊರಿನವರು ಮತ್ತೆ ಅದನ್ನೇ ಮಾಡಿದರು, ಎತ್ತಿ ನಿಲ್ಲಿಸಿದರು. ಅದೂ ಚಿಗುರಿತು, ಅದೂ ಉಳಿಯಲಿಲ್ಲ. ಎರಡೂ ಬಾರಿ ಸೋತರು ನಿಜ. ಆದರೆ ಬಿದ್ದ ಮರವನ್ನು ಕಟ್ಟಿಗೆ ಎಂದು ನೋಡದೆ ಎತ್ತಿ ನಿಲ್ಲಿಸಬೇಕೆಂದು ಎರಡು ಬಾರಿಯೂ ಆ ಊರಿಗೆ ತೋರಿತಲ್ಲ! ಈಗ ಅಂಗಳದಲ್ಲಿ ಹಳೆಯ ಬೊಡ್ಡೆ ಇದೆ. ಅದರದ್ದೇ ಟೊಂಗೆ ನೆಟ್ಟು ಬೆಳೆಸಿದ ಎಳೆಯ ಯೂ ಕೂಡ ಇದೆ.

ಆ ದಿನ ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಬೊಡ್ಡೆಯ ಪಕ್ಕದ ಬೆಂಚಿನಲ್ಲಿ ಕೂತೆ. ಮೋಡ ಸರಿದು ಗೋಪುರದ ಮೇಲೆ ಇಳಿಬಿಸಿಲು ಬಿತ್ತು. ಎಲ್ಲಿಂದಲೋ ಕಿರುಚುತ್ತಾ ಬಂದವು. ಗೋಪುರ ಬಳಸಿದವು, ಬೀದಿಯ ಸೂರುಗಳ ಮಟ್ಟಕ್ಕೆ ಇಳಿದವು, ಮತ್ತೆ ಮೇಲೆ ಹಾರಿದವು. ನಾನು ಎಣಿಸಲು ಶುರು ಮಾಡಿದೆ. ಐದು, ಆರು, ಏಳು. ಗೋಪುರದ ಹಿಂದೆ ಮರೆಯಾದವು. ಆ ಕಡೆಯಿಂದ ಹೊರಬಂದಾಗ ಯಾವುದನ್ನು ಎಣಿಸಿದ್ದೆ, ಯಾವುದನ್ನು ಬಿಟ್ಟಿದ್ದೆ ತಿಳಿಯಲಿಲ್ಲ. ಮತ್ತೆ ಒಂದರಿಂದ ಶುರು ಮಾಡಿದೆ.